ಗೇಟ್‌ವುಡ್ ಅಜ್ಜಿ ಇದ್ದಕ್ಕಿದ್ದಂತೆ ಎದ್ದು ಹೊರಟವರಲ್ಲ

ಅಮೆರಿಕದ ಎಮ್ಮಾ ಗೇಟ್‌ವುಡ್ ಅವರ ಕಥೆ ಹಬ್ಬಿರುವುದು ಹೀಗೆ: ಹನ್ನೊಂದು ಮಕ್ಕಳ ತಾಯಿ, 67 ವರ್ಷದ ಅಜ್ಜಿ, ಒಂದು ದಿನ ಇದ್ದಕ್ಕಿದ್ದಂತೆ ಕ್ಯಾನ್ವಾಸ್ ಶೂ ಮೆಟ್ಟಿ ಹೊರಟು, ಸುಮಾರು 3,300 ಕಿ.ಮೀ. ಉದ್ದದ ಅಪಲಾಚಿಯನ್ ಟ್ರೇಲ್ ಎಂಬ ಕಾಲುದಾರಿಯನ್ನು ಒಬ್ಬರೇ ನಡೆದು ಮುಗಿಸಿದರು. ಶೂ ನಿಜ, ವಯಸ್ಸು ನಿಜ, ಮಕ್ಕಳ ಲೆಕ್ಕವೂ ನಿಜ. ‘ಇದ್ದಕ್ಕಿದ್ದಂತೆ’ ಎಂಬುದು ಮಾತ್ರ ಸುಳ್ಳು.

ಅದರ ಹಿಂದಿನ ವರ್ಷ, 1954ರಲ್ಲೇ, ಅವರು ಟ್ರೇಲ್‌ನ ಉತ್ತರ ತುದಿಯ ಮೇನ್ ರಾಜ್ಯದಿಂದ ನಡೆಯಲು ಹೊರಟಿದ್ದರು. ದಾರಿ ತಪ್ಪಿತು, ಕನ್ನಡಕ ಒಡೆಯಿತು, ತಿನ್ನಲು ಏನೂ ಉಳಿಯಲಿಲ್ಲ. ಅರಣ್ಯ ಸಿಬ್ಬಂದಿ ಮನೆಗೆ ಹೋಗಿರೆಂದು ಬುದ್ಧಿ ಹೇಳಿದರು. ಹೋದರು. ಮರುವರ್ಷ ಮೇ 3ರಂದು ದಿಕ್ಕು ಬದಲಿಸಿ, ಜಾರ್ಜಿಯಾದ ಓಗಲ್‌ಥಾರ್ಪ್ ಬೆಟ್ಟದಿಂದ ಉತ್ತರಕ್ಕೆ ಹೆಜ್ಜೆ ಹಾಕಿದರು. ಸೆಪ್ಟೆಂಬರ್ 25ಕ್ಕೆ ಮೇನ್‌ನ ಕಟಾಡಿನ್ ಶಿಖರದ ಮೇಲಿದ್ದರು.

ಟೆಂಟ್ ಇಲ್ಲ, ಸ್ಲೀಪಿಂಗ್ ಬ್ಯಾಗ್ ಇಲ್ಲ. ತಾವೇ ಹೊಲಿದ ಡೆನಿಮ್ ಚೀಲದಲ್ಲಿ ಒಂದು ಕಂಬಳಿ, ರೇನ್‌ಕೋಟ್, ಮಳೆಗೆ ಅಡ್ಡ ಹಿಡಿಯಲು ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಇಷ್ಟಿದ್ದರೆ ಯಾರು ಬೇಕಾದರೂ ನಡೆಯಬಹುದು ಎಂದು ಇದನ್ನು ಓದಿದವರಿಗೆ ಅನಿಸುತ್ತದೆ. ಹಾಗಲ್ಲ. ಓಹಾಯೋದ ಹೊಲಗಳಲ್ಲಿ ಜೀವಮಾನವಿಡೀ ದುಡಿದ ಮೈ ಅದು. ಕಾಡಿನ ಯಾವ ಸೊಪ್ಪು ತಿನ್ನಬಹುದು ಎಂಬುದೂ ಅವರಿಗೆ ಗೊತ್ತಿತ್ತು. ಆದರೂ ಕಷ್ಟ ತಪ್ಪಲಿಲ್ಲ. ನ್ಯಾಷನಲ್ ಜಿಯಾಗ್ರಫಿಕ್ ಲೇಖನ ಓದಿ ಸಲೀಸಾದ ಹಾದಿಯೆಂದು ನಂಬಿದ್ದವರಿಗೆ ಎದುರಾದದ್ದು ಅಡ್ಡಬಿದ್ದ ಮರಗಳು, ಪಾಳುಬಿದ್ದ ತಂಗುಮನೆಗಳು. ಆಗಸ್ಟ್‌ನ ಚಂಡಮಾರುತಗಳಿಂದ ಉಕ್ಕಿದ ಹೊಳೆಯೊಂದನ್ನು ದಾಟಿಸಿದವರು ಇಬ್ಬರು ನೌಕಾಪಡೆಯ ಹುಡುಗರು. ಎಷ್ಟೋ ರಾತ್ರಿ ಅಪರಿಚಿತರ ಮನೆಯಲ್ಲಿ ಊಟ, ಹಾಸಿಗೆ ಸಿಕ್ಕಿತು. ಒಂಟಿ ನಡಿಗೆಯೆಂದರೆ ಯಾರ ನೆರವೂ ಇಲ್ಲದ ನಡಿಗೆಯಲ್ಲ.

ಈ ಹಾದಿಯನ್ನು ಒಂದೇ ಋತುವಿನಲ್ಲಿ ಮುಗಿಸಿದ ಮೊದಲ ಮಹಿಳೆ ಇವರೇ ಎನ್ನುವುದೂ ಪೂರ್ತಿ ಸರಿಯಲ್ಲ. 1952ರಲ್ಲಿ ಮಿಲ್‌ಡ್ರೆಡ್ ನಾರ್ಮನ್ ಜೊತೆಗಾರರೊಬ್ಬರೊಂದಿಗೆ ನಡೆದಿದ್ದರು. ಒಬ್ಬರೇ ಮುಗಿಸಿದವರಲ್ಲಿ ಮೊದಲಿಗರು ಗೇಟ್‌ವುಡ್.

ಎಲ್ಲಕ್ಕಿಂತ ಹೆಚ್ಚು ನೋಯಿಸುವುದು ‘ಸುಖಿ ಸಂಸಾರದ ನಗುಮುಖದ ಅಜ್ಜಿ’ ಎಂಬ ಚಿತ್ರ. ಗಂಡ ಅವರನ್ನು ವರ್ಷಗಟ್ಟಲೆ ಹೊಡೆದಿದ್ದ. ಹಿಂಸೆ ಮಿತಿಮೀರಿದಾಗ ಕಾಡಿಗೆ ಓಡಿಹೋಗುವುದೇ ಅವರಿಗಿದ್ದ ದಾರಿಯಾಗಿತ್ತು. 1941ರಲ್ಲಿ ವಿಚ್ಛೇದನ ಪಡೆದರು. ಟ್ರೇಲ್‌ನಲ್ಲಿ ಕೇಳಿದವರಿಗೆ ಮಾತ್ರ ತಾನು ವಿಧವೆ ಎನ್ನುತ್ತಿದ್ದರು. ಪತ್ರಿಕೆಗಳು ಶೂಗಳ ಬಗ್ಗೆ ಬರೆದವು.

ಆ ನಡಿಗೆ ಒಂದು ಸಲದ ಅದೃಷ್ಟವೂ ಆಗಿರಲಿಲ್ಲ. 1957ರಲ್ಲಿ ಇಡೀ ಟ್ರೇಲ್ ಅನ್ನು ಮತ್ತೆ ನಡೆದರು. 1959ರಲ್ಲಿ, 71ನೇ ವಯಸ್ಸಿನಲ್ಲಿ, ಮಿಸೌರಿಯಿಂದ ಪೋರ್ಟ್‌ಲ್ಯಾಂಡ್‌ವರೆಗೆ ಆರೆಗಾನ್ ಟ್ರೇಲ್ ಹಿಡಿದು ಸುಮಾರು 3,200 ಕಿ.ಮೀ. ಕ್ರಮಿಸಿದರು. 1964ರ ಹೊತ್ತಿಗೆ, ಮೂರನೆಯ ಸಲ ತುಂಡು ತುಂಡಾಗಿ ನಡೆದು, ಅಪಲಾಚಿಯನ್ ಹಾದಿಯನ್ನು ಮೂರು ಬಾರಿ ಪೂರೈಸಿದ ಮೊದಲ ವ್ಯಕ್ತಿಯಾದರು.