ಪ್ರತಿಜೈವಿಕ ಔಷಧಿಗಳನ್ನು ನಿಷ್ಕ್ರಿಯಗೊಳಿಸುವ ಕಿಣ್ವಗಳು

ಆ್ಯಂಟಿಬಯೋಟಿಕ್ ಎಂದು ಸಾಮಾನ್ಯವಾಗಿ ಕರೆಯಲಾಗುವ ಪ್ರತಿಜೈವಿಕ ಔಷಧಿಗಳು ಹಿಂದಿನಂತೆ ಗುಣ ಕೊಡುತ್ತಿಲ್ಲವೆಂಬ ಮಾತು ಎಲ್ಲೆಡೆ ಕೇಳಿಬರುತ್ತಿದೆ. ‘ಮಾತ್ರೆ ಮೈಗೆ ಒಗ್ಗಿಹೋಗಿದೆ’ ಎಂದು ಹಲವರು ಇದಕ್ಕೆ ಕಾರಣ ಹೇಳುವುದುಂಟು. ವಾಸ್ತವವಾಗಿ ಔಷಧಿಗೆ ಒಗ್ಗಿಕೊಳ್ಳುವುದು ರೋಗಿಯ ಮೈಯಲ್ಲ, ಮೈಯೊಳಗಿರುವ ಬ್ಯಾಕ್ಟೀರಿಯಗಳು. ಔಷಧಿಯಿಂದ ಪಾರಾಗಲು ಅವು ಅನುಸರಿಸುವ ಮಾರ್ಗಗಳು ಹಲವು. ಅವುಗಳಲ್ಲಿ ಬಹು ಪರಿಣಾಮಕಾರಿಯಾದ ಒಂದು ಮಾರ್ಗವೆಂದರೆ ಔಷಧಿಯನ್ನೇ ಒಡೆದುಹಾಕುವ ಕಿಣ್ವಗಳ ತಯಾರಿಕೆ.

ಕಿಣ್ವವೆಂದರೆ ಜೀವಕೋಶಗಳು ತಯಾರಿಸುವ, ರಾಸಾಯನಿಕ ಕ್ರಿಯೆಗಳನ್ನು ತ್ವರಿತಗೊಳಿಸುವ ವಸ್ತು. ಅನ್ನವನ್ನು ಹೆಚ್ಚು ಹೊತ್ತು ಅಗಿದಾಗ ಬಾಯಲ್ಲಿ ಸಿಹಿಯೆನಿಸುವುದು ಜೊಲ್ಲಿನಲ್ಲಿರುವ ಇಂತಹುದೇ ಒಂದು ಕಿಣ್ವದ ಕಾರ್ಯದಿಂದ. ಬ್ಯಾಕ್ಟೀರಿಯವು ತನ್ನ ಹೊರಗೋಡೆಯನ್ನು ಹೆಣೆದುಕೊಳ್ಳುವುದೂ ಕಿಣ್ವಗಳ ನೆರವಿನಿಂದಲೇ. ಪೆನಿಸಿಲಿನ್ ಈ ಹೆಣೆಯುವ ಕಿಣ್ವಕ್ಕೆ ಅಂಟಿಕೊಂಡು ಅದರ ಕೆಲಸವನ್ನು ನಿಲ್ಲಿಸುತ್ತದೆ. ಗೋಡೆ ದುರ್ಬಲವಾಗಿ ಬ್ಯಾಕ್ಟೀರಿಯ ಒಡೆದುಹೋಗುತ್ತದೆ. ಪೆನಿಸಿಲಿನ್ ಅಣುವಿನ ಮಧ್ಯದಲ್ಲಿ ಮೂರು ಇಂಗಾಲ ಹಾಗೂ ಒಂದು ಸಾರಜನಕ ಪರಮಾಣುಗಳ ಒಂದು ಪುಟ್ಟ ಉಂಗುರವಿದೆ. ಇದಕ್ಕೆ ಬೀಟಾ-ಲ್ಯಾಕ್ಟಮ್ ಉಂಗುರವೆಂದು ಹೆಸರು. ಬಿಗಿದು ಬಾಗಿಸಿದ ಬಿಲ್ಲಿನಂತೆ ಸದಾ ಸೆಳೆತದಲ್ಲಿರುವ ಈ ಉಂಗುರವೇ ಔಷಧಿಯ ಶಕ್ತಿ. ಅದರ ದೌರ್ಬಲ್ಯವೂ ಅದೇ. ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವವು ನೀರಿನ ಒಂದು ಅಣುವನ್ನು ಬಳಸಿ ಉಂಗುರವನ್ನು ಕತ್ತರಿಸುತ್ತದೆ. ಅನಂತರ ತಾನು ಕಿಂಚಿತ್ತೂ ಸವೆಯದೆ ಮುಂದಿನ ಅಣುವಿನತ್ತ ತಿರುಗುತ್ತದೆ. ಈ ವರ್ಗದ ಕೆಲವು ಕಿಣ್ವಗಳ ಒಂದೇ ಅಣು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ಪೆನಿಸಿಲಿನ್ ಅಣುಗಳನ್ನು ಮುರಿಯಬಲ್ಲದು.

ಈ ಕಿಣ್ವವು ಔಷಧಿಯ ಬಳಕೆಯಿಂದ ಹುಟ್ಟಿದುದಲ್ಲವೆಂಬುದು ಗಮನಾರ್ಹ. ಆಕ್ಸ್‌ಫರ್ಡಿನಲ್ಲಿ ತೀವ್ರ ಸೋಂಕಿನ ರೋಗಿಯೊಬ್ಬರಿಗೆ ಪೆನಿಸಿಲಿನ್ ಚುಚ್ಚುಮದ್ದನ್ನು ಕೊಡಲಾರಂಭಿಸಿದ್ದು 1941ರ ಫೆಬ್ರವರಿಯಲ್ಲಿ. ಅದಕ್ಕೂ ಮೊದಲೇ, 1940ರ ಡಿಸೆಂಬರಿನಲ್ಲಿ, ಅಲ್ಲಿಯವರೇ ಆದ ಎಡ್ವರ್ಡ್ ಏಬ್ರಹಾಂ ಮತ್ತು ಅರ್ನ್ಸ್ಟ್ ಚೈನ್ ಪೆನಿಸಿಲಿನ್ ಅನ್ನು ನಾಶಮಾಡುವ ಕಿಣ್ವವೊಂದು ಬ್ಯಾಕ್ಟೀರಿಯಗಳಲ್ಲಿದೆಯೆಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಮಣ್ಣಿನಲ್ಲಿರುವ ಶಿಲೀಂಧ್ರ, ಬ್ಯಾಕ್ಟೀರಿಯಗಳ ನಡುವೆ ಈ ಹೋರಾಟ ಬಹು ಪ್ರಾಚೀನವಾದುದು. ಕೆನಡಾದ ಯೂಕಾನ್ ಪ್ರಾಂತದಲ್ಲಿ 30,000 ವರ್ಷಗಳಿಂದ ಹೆಪ್ಪುಗಟ್ಟಿದ್ದ ಮಣ್ಣಿನಲ್ಲಿಯೂ ಇಂತಹ ಪ್ರತಿರೋಧದ ವಂಶವಾಹಿಗಳು ದೊರೆತುದು 2011ರಲ್ಲಿ ವರದಿಯಾಯಿತು.

ಔಷಧಿಯ ಬಳಕೆ ಮಾಡಿದುದು ಆಯ್ಕೆಯ ಕಾರ್ಯವನ್ನು. ಕಿಣ್ವವಿಲ್ಲದ ಬ್ಯಾಕ್ಟೀರಿಯಗಳು ಸತ್ತು, ಕಿಣ್ವವುಳ್ಳವು ಉಳಿದು ವೃದ್ಧಿಯಾದವು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಮೇರಿ ಬಾರ್ಬರ್ ನಡೆಸಿದ ಪರೀಕ್ಷೆಗಳಲ್ಲಿ, ಗಾಯಗಳನ್ನು ಕೀವುಗಟ್ಟಿಸುವ ಸ್ಟೆಫಿಲೊಕಾಕಸ್ ಮಾದರಿಗಳ ಪೈಕಿ ಪೆನಿಸಿಲಿನ್‌ಗೆ ಮಣಿಯದವು 1946ರಲ್ಲಿ ಸುಮಾರು ಶೇ. 14ರಷ್ಟಿದ್ದವು. 1948ರ ವೇಳೆಗೆ ಅವು ಶೇ. 59ಕ್ಕೆ ಏರಿದ್ದವು. ಕೇವಲ ಎರಡು ವರ್ಷಗಳ ಅಂತರವಿದು.

ಒಡೆಯುವುದೊಂದೇ ಉಪಾಯವೂ ಅಲ್ಲ. ಜೆಂಟಾಮೈಸಿನ್‌ನಂತಹ ಔಷಧಿಗಳ ಅಣುವಿಗೆ ಕೆಲವು ಕಿಣ್ವಗಳು ಬೇರೊಂದು ರಾಸಾಯನಿಕ ಗುಂಪನ್ನು ಅಂಟಿಸಿಬಿಡುತ್ತವೆ. ಬೀಗದ ಕೈಯ ಹಲ್ಲಿಗೆ ಅರಗು ಮೆತ್ತಿದಂತೆ, ಔಷಧಿ ಇದ್ದೂ ಇಲ್ಲದಂತಾಗುತ್ತದೆ. ಒಂದು ಕಾಲದಲ್ಲಿ ಟೈಫಾಯ್ಡ್ ಜ್ವರಕ್ಕೆ ರಾಮಬಾಣವೆನಿಸಿದ್ದ ಕ್ಲೋರಾಂಫೆನಿಕಾಲ್‌ಗೆ ಬಂದ ಪ್ರತಿರೋಧಕ್ಕೂ ಇಂತಹ ಕಿಣ್ವವೇ ಪ್ರಧಾನ ಕಾರಣ. ಆ ಔಷಧಿಗೆ ಬಗ್ಗದ ಟೈಫಾಯ್ಡ್ 1972ರಲ್ಲಿ ಕೇರಳದ ಕಲ್ಲಿಕೋಟೆಯಲ್ಲಿ ಕಾಣಿಸಿಕೊಂಡಿತ್ತು.

ಕಿಣ್ವಕ್ಕೆ ಸುಲಭವಾಗಿ ಸಿಗದಂತೆ ಪೆನಿಸಿಲಿನ್‌ನ ಬಳಿಕ ಸೆಫಲೊಸ್ಪೊರಿನ್ ಹಾಗೂ ಕಾರ್ಬಪೆನೆಮ್ ವರ್ಗದ ಔಷಧಿಗಳನ್ನು ರೂಪಿಸಲಾಯಿತು. ಪ್ರತಿಯೊಂದಕ್ಕೂ ತಕ್ಕ ಕಿಣ್ವ ಕ್ರಮೇಣ ಕಾಣಿಸಿಕೊಂಡಿತು. ಇವುಗಳ ತಯಾರಿಕೆಯ ಸೂಚನೆಯು ಅನೇಕ ವೇಳೆ ಪ್ಲಾಸ್ಮಿಡ್ ಎಂಬ ಸಣ್ಣ ಉಂಗುರಾಕಾರದ ಡಿ.ಎನ್.ಎ. ತುಣುಕಿನಲ್ಲಿರುತ್ತದೆ. ಒಂದು ಬ್ಯಾಕ್ಟೀರಿಯವು ಅದರ ಪ್ರತಿಯನ್ನು ಅನ್ಯ ಜಾತಿಯ ಬ್ಯಾಕ್ಟೀರಿಯಕ್ಕೂ ನೀಡಬಲ್ಲದು. ಕರುಳಿನಲ್ಲಿ ನಿರುಪದ್ರವಿಯಾಗಿರುವ ಜೀವಿಯಿಂದ ರೋಗಕಾರಕ ಜೀವಿಗೆ ಈ ಸಾಮರ್ಥ್ಯ ದಾಟುವುದು ಹೀಗೆಯೇ.

ಈ ಪೈಕಿ ಭಾರತದಲ್ಲಿ ಹೆಚ್ಚು ಚರ್ಚೆಗೆ ಒಳಗಾದುದು ಎನ್.ಡಿ.ಎಂ.-1. ನವದೆಹಲಿಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್ನಿಗೆ ಮರಳಿದ್ದ ರೋಗಿಯೊಬ್ಬರಲ್ಲಿ 2008ರಲ್ಲಿ ಪತ್ತೆಯಾದ ಈ ಕಿಣ್ವಕ್ಕೆ ನವದೆಹಲಿಯ ಹೆಸರನ್ನಿಡಲಾಯಿತು. ಸತುವಿನ ನೆರವಿನಿಂದ ಕೆಲಸ ಮಾಡುವ ಇದು ಕಾರ್ಬಪೆನೆಮ್‌ಗಳನ್ನೂ ಒಡೆಯುತ್ತದೆ. 2010ರ ಅಧ್ಯಯನವೊಂದು ಚೆನ್ನೈ, ಹರಿಯಾಣಗಳ ಮಾದರಿಗಳಲ್ಲಿಯೂ ಇದನ್ನು ಗುರುತಿಸಿತು. ನಗರದ ಹೆಸರನ್ನಿಟ್ಟುದಕ್ಕೆ ಭಾರತ ಸರ್ಕಾರ ಆಕ್ಷೇಪ ವ್ಯಕ್ತಪಡಿಸಿತು. ಆ ಆಕ್ಷೇಪಕ್ಕೆ ಆಧಾರವಿತ್ತು. ಆದರೆ ಹೆಸರಿನ ವಾದ ಏನೇ ಇರಲಿ, ಕಿಣ್ವದ ಇರುವಿಕೆ ವಾದಾತೀತ. 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ದೆಹಲಿಯ 50 ನಲ್ಲಿ ನೀರಿನ ಮಾದರಿಗಳ ಪೈಕಿ 2ರಲ್ಲಿ, ಬೀದಿಬದಿಯಲ್ಲಿ ನಿಂತ ಹಾಗೂ ಒಸರಿದ ನೀರಿನ 171 ಮಾದರಿಗಳ ಪೈಕಿ 51ರಲ್ಲಿ ಇದರ ವಂಶವಾಹಿ ಕಂಡುಬಂದಿತು. ಶುದ್ಧ ನೀರು ಮತ್ತು ಒಳಚರಂಡಿಯ ಪ್ರಶ್ನೆ ಇಲ್ಲಿ ಔಷಧಿಯ ಪ್ರಶ್ನೆಯಷ್ಟೇ ಮುಖ್ಯ.

ಕಿಣ್ವವನ್ನೇ ಕಟ್ಟಿಹಾಕುವ ಪ್ರಯತ್ನವೂ ನಡೆದಿದೆ. ಅಮಾಕ್ಸಿಸಿಲಿನ್ ಜೊತೆಗೆ ಕೊಡುವ ಕ್ಲಾವುಲಾನಿಕ್ ಆಮ್ಲವು ಕಿಣ್ವಕ್ಕೆ ತಾನೇ ಬಲಿಯಾಗಿ ಅದನ್ನು ಸಿಕ್ಕಿಸಿಬಿಡುತ್ತದೆ. ಚೆನ್ನೈಯ ಪ್ರಯೋಗಾಲಯದಲ್ಲಿ ರೂಪುಗೊಂಡ ಎನ್‌ಮೆಟಾಜೊಬ್ಯಾಕ್ಟಮ್ ಎಂಬ ಇದೇ ಬಗೆಯ ವಸ್ತುವನ್ನು ಒಳಗೊಂಡ ಔಷಧಿಗೆ 2024ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ದೊರೆಯಿತು. ಸತುವನ್ನಾಧರಿಸಿದ ಎನ್.ಡಿ.ಎಂ. ಮಾತ್ರ ಇವೆರಡಕ್ಕೂ ಜಗ್ಗುವುದಿಲ್ಲ.

ಭಾರತದಲ್ಲಿ 2014ರ ಮಾರ್ಚ್ 1ರಿಂದ ಅನುಸೂಚಿ ಎಚ್-1 ಜಾರಿಯಲ್ಲಿದೆ. ಅದರಲ್ಲಿರುವ ಸೆಫಿಕ್ಸಿಮ್, ಮೆರೊಪೆನೆಮ್ ಮುಂತಾದ ಔಷಧಿಗಳನ್ನು ಮಾರುವವರು ವೈದ್ಯರ ಹಾಗೂ ರೋಗಿಯ ಹೆಸರು, ಔಷಧಿಯ ಪ್ರಮಾಣ ಇವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು. ಮಾತ್ರೆಯ ಪಟ್ಟಿಯ ಮೇಲಿನ ಕೆಂಪು ಗೆರೆಯು ವೈದ್ಯರ ಚೀಟಿಯಿಲ್ಲದೆ ಅದನ್ನು ಸೇವಿಸಬಾರದೆಂಬ ಸೂಚನೆ. ನೆಗಡಿ, ಫ್ಲೂ ಮೊದಲಾದವು ವೈರಸ್‌ನಿಂದ ಬರುವುದರಿಂದ ಅವುಗಳಿಗೆ ಈ ಮಾತ್ರೆಗಳಿಂದ ಪ್ರಯೋಜನವಿಲ್ಲ. ಕರುಳಿನ ಬ್ಯಾಕ್ಟೀರಿಯಗಳ ಮೇಲೆ ಮಾತ್ರ ಪರಿಣಾಮ ತಪ್ಪದು.

ಮೂತ್ರ ಅಥವಾ ರಕ್ತದ ‘ಕಲ್ಚರ್’ ಪರೀಕ್ಷೆಯಿಂದ ಯಾವ ಔಷಧಿ ಫಲಿಸುವುದೆಂಬುದು ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ತಿಳಿಯುತ್ತದೆ. ವರದಿಯಲ್ಲಿ ‘ಇ.ಎಸ್.ಬಿ.ಎಲ್.’ ಎಂದು ನಮೂದಾಗಿದ್ದರೆ, ಹಲವು ಸೆಫಲೊಸ್ಪೊರಿನ್‌ಗಳನ್ನು ಒಡೆಯುವ ಕಿಣ್ವ ಆ ಬ್ಯಾಕ್ಟೀರಿಯದಲ್ಲಿದೆಯೆಂದು ಅರ್ಥ. ಉದ್ಯೋಗ ನಿಮಿತ್ತ ಊರಿಂದೂರಿಗೆ ವರ್ಗವಾಗುವ ಕುಟುಂಬಗಳು ಇಂತಹ ವರದಿಯನ್ನು ಜೋಪಾನವಾಗಿಟ್ಟು, ಮುಂದೆ ಬೇರೆ ಆಸ್ಪತ್ರೆಗೆ ಹೋದಾಗ ವೈದ್ಯರಿಗೆ ಮೊದಲು ತೋರಿಸುವುದು ಒಳ್ಳೆಯದು. ಇದರಿಂದ ಫಲಿಸದ ಔಷಧಿಯಲ್ಲಿ ಕಳೆದುಹೋಗಬಹುದಾದ ದಿನಗಳು ಉಳಿಯುತ್ತವೆ. ನವಜಾತ ಶಿಶುಗಳ ಮತ್ತು ವೃದ್ಧರ ರಕ್ತದ ಸೋಂಕಿನಲ್ಲಿ ಒಂದು ದಿನದ ವಿಳಂಬವೂ ಪ್ರಾಣಾಪಾಯಕ್ಕೆ ಎಡೆಮಾಡಬಹುದು.