ಬೆಳೆಯುವವರ ಮನೆಯಲ್ಲಿ ಉಣ್ಣುವವರ ಶಾಸ್ತ್ರ

ಕೊಯ್ಲು ಮುಗಿದು, ಕಣದ ಕೆಲಸ ಒಂದು ಹದಕ್ಕೆ ಬಂದಿದ್ದ ದಿನಗಳಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಮಗಳನ್ನು ಕರೆದುಕೊಂಡು ಕಚೇರಿಗೆ ಬಂದರು. ಇವರದು ನಾಲ್ಕೆಕರೆ ಕಾಫಿ, ಒಂದೂವರೆ ಎಕರೆ ಅಡಿಕೆ. ಹುಡುಗಿ ಮೈಸೂರಿನಲ್ಲಿ ಆಹಾರ ವಿಜ್ಞಾನ ಮತ್ತು ಪೋಷಣಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಾಳೆ. ಜೊತೆಗೆ ಗ್ರಾಹಕರ ವರ್ತನೆ, ಅಂದರೆ ಜನ ಏನನ್ನು ಏಕೆ ಕೊಳ್ಳುತ್ತಾರೆ, ಏಕೆ ತಿನ್ನುತ್ತಾರೆ ಎಂಬ ವಿಷಯದಲ್ಲಿ ಪ್ರಬಂಧ ಬರೆಯುವ ಆಸೆ.

"ಕಾರ್ಯದರ್ಶಿಗಳೇ, ನೀವಾದರೂ ಬುದ್ಧಿ ಹೇಳಿ," ಎಂದರು ತಂದೆ. "ಉಣ್ಣೋದು ಹೇಗೆ ಅಂತ ಇವಳ ಅಜ್ಜಿಯೇ ಕಲಿಸಿದ್ದಳು. ಅದಕ್ಕೆ ಎರಡು ವರ್ಷದ ಓದು, ಹಾಸ್ಟೆಲ್ಲು. ಅದೂ ಹೋಗಲಿ, ಈಗ ಅಡಿಕೆ ಕೆಟ್ಟದ್ದು ಅಂತ ಕ್ಲಾಸಿನಲ್ಲಿ ಸೆಮಿನಾರು ಮಾಡುತ್ತಾಳಂತೆ. ಇವಳ ಫೀಸು ಯಾವುದರಿಂದ ಕಟ್ಟಿದ್ದು?"

ಹುಡುಗಿ ತಲೆ ತಗ್ಗಿಸಿಯೇ ಹೇಳಿದಳು: "ಮಾವ, ವಿಷಯ ನಾನು ಆರಿಸಿದ್ದಲ್ಲ, ಚೀಟಿಯಲ್ಲಿ ಬಂದದ್ದು. ಬೇಕಿದ್ದರೆ ಬದಲಾಯಿಸಿಕೊಳ್ಳಬಹುದು. ಬದಲಾಯಿಸಲೋ ಬೇಡವೋ ಅಂತ ಕೇಳೋಣ ಅಂತ ಬಂದೆ."

ನಮಗೂ ಒಡನೆ ಉತ್ತರ ಹೊಳೆಯಲಿಲ್ಲ. ಅವಳ ಟಿಪ್ಪಣಿ ಪುಸ್ತಕಗಳನ್ನು ಒಂದು ವಾರ ಇಟ್ಟುಕೊಂಡು ಓದಿದೆವು. ಓದಿದ ಮೇಲೆ ಈ ನಾಲ್ಕು ಮಾತುಗಳನ್ನು ಎಲ್ಲ ಸದಸ್ಯರೊಂದಿಗೆ ಹಂಚಿಕೊಳ್ಳುವುದು ಒಳ್ಳೆಯದೆನಿಸಿತು.

ಕುಡಿಯುವವರನ್ನು ನಾವು ಕಂಡಿದ್ದೆವೇ?

ನಾವು ಪದವಿ ಮುಗಿಸಿ ತೋಟಕ್ಕೆ ಬಂದ ಕಾಲದಲ್ಲಿ ಪೂಲ್ ಪದ್ಧತಿ ಇನ್ನೂ ಇತ್ತು. 1942ರ ಕಾಫಿ ಕಾಯಿದೆಯ ಕೆಳಗೆ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿಗೆ ಒಪ್ಪಿಸಿ, ಪಾಯಿಂಟಿನ ಲೆಕ್ಕದಲ್ಲಿ ಕಂತು ಕಂತಾಗಿ ಹಣ ಪಡೆಯುವುದಷ್ಟೇ ನಮ್ಮ ಕೆಲಸವಾಗಿತ್ತು. ಚೀಲ ಡಿಪೋ ಸೇರಿದರೆ ಮುಗಿಯಿತು. ಅದನ್ನು ಯಾರು ಹುರಿದರು, ಯಾರು ಕುಡಿದರು, ಚೆನ್ನಾಗಿದೆ ಎಂದರೋ ಮುಖ ಸಿಂಡರಿಸಿದರೋ ನಮಗೆ ತಿಳಿಯುತ್ತಿರಲಿಲ್ಲ. 1992ರಿಂದ ಹಂತಹಂತವಾಗಿ ಮಾರಾಟ ಸಡಿಲಗೊಂಡು 1996ರ ಹೊತ್ತಿಗೆ ಪೂರ್ತಿ ಮುಕ್ತವಾಯಿತು. ಮಾರಲು ಕಲಿತೆವು, ನಿಜ. ಆದರೆ ಕುಡಿಯುವವರನ್ನು ತಿಳಿಯಲು ಕಲಿತೆವೆಂದು ಎದೆ ಮುಟ್ಟಿ ಹೇಳುವಂತಿಲ್ಲ. ಆ ಕೆಲಸವನ್ನು ಪುಡಿ ಮಾಡಿ ಪೊಟ್ಟಣ ಕಟ್ಟುವವರು ಮಾಡುತ್ತಾರೆ, ಲಾಭವೂ ಅವರಿಗೇ ಹೋಗುತ್ತದೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಚಿಕೋರಿ ನೂರಕ್ಕೆ 49ನ್ನು ಮೀರಬಾರದೆಂಬ ನಿಯಮವಿದೆ. ಪೊಟ್ಟಣದ ಮೇಲೆ ಪ್ರಮಾಣವನ್ನೂ ಅಚ್ಚು ಮಾಡಬೇಕು. ಅದನ್ನು ಓದಿ ಕೊಳ್ಳುವವರೆಷ್ಟು ಮಂದಿ, ನಾಲಿಗೆಯ ರೂಢಿಯಿಂದ ಕೊಳ್ಳುವವರೆಷ್ಟು ಮಂದಿ? ಇಂಥ ಪ್ರಶ್ನೆಗಳೇ ಈ ಶಾಸ್ತ್ರದ ಪಾಠ.

ನಾಲಿಗೆಯನ್ನು ಅಳೆಯುವ ಬಗೆ

ರುಚಿಯನ್ನು ಅಳೆಯಲು ಅವರಲ್ಲಿ ಒಂದು ಸರಳ ಪರೀಕ್ಷೆಯಿದೆ. ಮೂರು ಲೋಟ ಇಡುತ್ತಾರೆ. ಎರಡರಲ್ಲಿ ಒಂದೇ ಕಾಫಿ, ಒಂದರಲ್ಲಿ ಬೇರೆ. ಬೇರೆಯದು ಯಾವುದೆಂದು ಹೇಳಬೇಕು. ಏನೂ ತಿಳಿಯದವನೂ ಕಣ್ಣು ಮುಚ್ಚಿ ಬೆರಳು ತೋರಿಸಿದರೆ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಹಾಗಾಗಿ 30 ಮಂದಿಯಲ್ಲಿ 10 ಮಂದಿ ಸರಿ ಹೇಳಿದರೆ ಅದು ಬರಿಯ ಅದೃಷ್ಟ. ಕಡೇ ಪಕ್ಷ 15 ಮಂದಿ ಸರಿ ಹೇಳಿದರೆ ಮಾತ್ರ ಎರಡು ಕಾಫಿಗಳಿಗೂ ನಿಜವಾದ ವ್ಯತ್ಯಾಸವಿದೆ ಎಂದು ಒಪ್ಪುತ್ತಾರೆ.

ಹುಡುಗಿ ನಮ್ಮ ಕಚೇರಿಯಲ್ಲೇ ಇದನ್ನು ಮಾಡಿ ತೋರಿಸಿದಳು. ನಮ್ಮ ತೋಟದ ಪಾರ್ಚ್‌ಮೆಂಟನ್ನು ಎಲ್ಲಿಟ್ಟರೂ ಗುರುತಿಸುತ್ತೇವೆಂದು ಮೂವತ್ತು ವರ್ಷಗಳಿಂದ ಹೇಳಿಕೊಂಡು ಬಂದವರು ನಾವು. ಮೂರನೆಯ ಲೋಟವನ್ನು ಗುಟುಕರಿಸಿ, ಗಂಭೀರವಾಗಿ ನೆರೆಯವರ ಕಾಫಿಯನ್ನೇ ನಮ್ಮದೆಂದು ತೋರಿಸಿದೆವು. ಗುಮಾಸ್ತರು ನಗು ತಡೆಯಲಾರದೆ ಹೊರಗೆ ಹೋದರು. ಪೇಟೆಯವನು ನಮ್ಮ ಕಾಫಿಯ ಹಿರಿಮೆ ತಿಳಿಯಲಾರ ಎಂದು ದೂರುವ ಮೊದಲು ನಾವು ಸ್ವಲ್ಪ ಯೋಚಿಸಬೇಕು.

ಬಾಗಿಲು ಕಾಯುವವರು

ಟಿಪ್ಪಣಿಗಳಲ್ಲಿ ನಮಗೆ ಬಹಳ ಹಿಡಿಸಿದ್ದು ಕರ್ಟ್ ಲೆವಿನ್ ಎಂಬ ಮನಶ್ಶಾಸ್ತ್ರಜ್ಞರ ಕೆಲಸ. ಎರಡನೆಯ ಮಹಾಯುದ್ಧದ ಕಾಲ. ಅಮೆರಿಕದಲ್ಲಿ ಒಳ್ಳೆಯ ಮಾಂಸಕ್ಕೆ ಅಭಾವ. ಜನ ಸಾಮಾನ್ಯವಾಗಿ ಮೂಗು ಮುರಿಯುವ ಹೃದಯ, ಮೂತ್ರಪಿಂಡಗಳನ್ನೂ ಅಡುಗೆಗೆ ಬಳಸುವಂತೆ ಮಾಡಬೇಕಾಗಿತ್ತು. ಲೆವಿನ್ ಮೊದಲು ಕೇಳಿದ್ದು, ಊಟದ ಮೇಜಿಗೆ ಬರುವ ಪದಾರ್ಥವನ್ನು ನಿರ್ಧರಿಸುವವರು ಯಾರು ಎಂದು. ಮನೆಯೊಡತಿ! ಅವಳೇ ಬಾಗಿಲು ಕಾಯುವವಳು. ಅಂಗಡಿಯಿಂದ, ತೋಟದಿಂದ ಏನು ಒಳಗೆ ಬರಬೇಕಾದರೂ ಅವಳ ಕೈ ದಾಟಿ ಬರಬೇಕು.

ಕೆಲವು ಗುಂಪಿನ ಹೆಂಗಸರಿಗೆ ಒಳ್ಳೆಯ ಉಪನ್ಯಾಸ ಕೊಡಿಸಿದರು. ಬೇರೆ ಗುಂಪುಗಳಲ್ಲಿ ಉಪನ್ಯಾಸವಿಲ್ಲ. ಹೆಂಗಸರೇ ಕುಳಿತು ತೊಡಕುಗಳನ್ನು ಚರ್ಚಿಸಿ, ಮಾಡಿ ನೋಡುತ್ತೇವೆ ಎಂದು ಕೈ ಎತ್ತಿ ತೀರ್ಮಾನಿಸಿದರು. ಆಮೇಲೆ ವಿಚಾರಿಸಿದಾಗ ಉಪನ್ಯಾಸ ಕೇಳಿದವರಲ್ಲಿ ನೂರಕ್ಕೆ 3 ಮಂದಿ, ಕೂಡಿ ತೀರ್ಮಾನಿಸಿದವರಲ್ಲಿ ನೂರಕ್ಕೆ 32 ಮಂದಿ ಹೊಸ ಮಾಂಸವನ್ನು ಅಡುಗೆ ಮಾಡಿದ್ದರು.

ಇದನ್ನು ಓದಿ ನಮಗೆ ನಾಚಿಕೆಯೇ ಆಯಿತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಮಳೆಗೆ ಮುಂಚೆಯೇ ಹೊಡೆಯಿರೆಂದು ಎಷ್ಟು ವರ್ಷ ನಾವು ಮೈಕಿನ ಮುಂದೆ ನಿಂತು ಹೇಳಿದ್ದೇವೆ! ಕೇಳಿ, ಉಪ್ಪಿಟ್ಟು ತಿಂದು, ಮನೆಗೆ ಹೋದವರೇ ಹೆಚ್ಚು.

ತಾಯಿಯ ಊಟದ ಲೆಕ್ಕ

ಪೋಷಣಶಾಸ್ತ್ರದಲ್ಲಿ ಹಿಂದಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ತಿಂದದ್ದನ್ನೆಲ್ಲ ಕೇಳಿ ಬರೆದುಕೊಳ್ಳುವ ಕ್ರಮವೊಂದಿದೆ. ಹುಡುಗಿ ಅಭ್ಯಾಸಕ್ಕೆಂದು ತನ್ನ ತಾಯಿಯನ್ನೇ ಕೇಳಿದಳಂತೆ. ತಾಯಿ ಗಂಡ ತಿಂದದ್ದು, ಮಗ ತಿಂದದ್ದು, ಆಳುಗಳಿಗೆ ಬಡಿಸಿದ್ದು ಎಲ್ಲವನ್ನೂ ಹೇಳಿದರು. "ಅಮ್ಮ, ನೀನು?" ಎಂದರೆ ತುಸು ಹೊತ್ತು ನೆನಪೇ ಬರಲಿಲ್ಲ. ಕೊನೆಗೆ, "ಉಳಿದದ್ದು ಉಂಡೆ. ಮೇಲೊಂದು ಲೋಟ ಕಾಫಿ ಕುಡಿದೆ," ಎಂದರು. ಆ ಪುಟವನ್ನು ನಾವು ನೋಡಿದೆವು. ತಾಯಿಯ ಕಾಲಮ್ಮಿನಲ್ಲಿ ಬರೆದದ್ದಕ್ಕಿಂತ ಖಾಲಿ ಜಾಗವೇ ಹೆಚ್ಚಿತ್ತು.

ಆ ಮೇಲಿನ ಲೋಟದ ಬಗೆಗೂ ಶಾಸ್ತ್ರಕ್ಕೆ ಹೇಳುವುದಿದೆ. 1983ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಊಟದೊಂದಿಗೆ ಒಂದು ಬಟ್ಟಲು ಕಾಫಿ ಕುಡಿದಾಗ ದೇಹಕ್ಕೆ ದಕ್ಕುವ ಕಬ್ಬಿಣಾಂಶ ನೂರಕ್ಕೆ 39ರಷ್ಟು ಇಳಿಯಿತು. ಚಹಾದಿಂದ 64ರಷ್ಟು ಇಳಿಯಿತು. ಊಟವಾದ ಒಂದು ಗಂಟೆಯ ಮೇಲೆ ಕುಡಿದರೂ ಕಾಫಿಯ ತಡೆ ಅಷ್ಟೇ ಇತ್ತು. ಒಂದು ಗಂಟೆ ಮೊದಲು ಕುಡಿದರೆ ಮಾತ್ರ ತೊಂದರೆಯಿರಲಿಲ್ಲ. ನಮ್ಮ ದೇಶದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂತ್ರಗಳಲ್ಲಿ ಊಟಕ್ಕೆ ಒಂದು ಗಂಟೆ ಹಿಂದೆ ಮುಂದೆ ಕಾಫಿ, ಚಹಾ ಬೇಡ, ದಿನದ ಕೆಫೀನು 300 ಮಿಲಿಗ್ರಾಂ ಮೀರುವುದು ಬೇಡ ಎಂದಿದೆ. 150 ಮಿಲಿಲೀಟರ್ ಡಿಕಾಕ್ಷನ್ನಿನ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಇರುತ್ತದೆಂದು ಅದೇ ಲೆಕ್ಕ.

ಕಾಫಿ ಬೆಳೆಗಾರರ ಪತ್ರಿಕೆಯಲ್ಲಿ ಇದನ್ನು ಅಚ್ಚು ಮಾಡುವುದೇ ಎಂದು ಕೆಲವರು ಕೇಳಬಹುದು. ಬೆಳಿಗ್ಗೆ, ಸಂಜೆ ನೆಮ್ಮದಿಯಾಗಿ ಕುಡಿಯುವ ಕಾಫಿಗೆ ಇದರಿಂದ ಯಾವ ಕುಂದೂ ಇಲ್ಲ. ಊಟದ ಬೆನ್ನಿಗೆ ಬರುವ ಲೋಟವನ್ನು ಸ್ವಲ್ಪ ಸರಿಸಿದರೆ ಸಾಕು. ನಮ್ಮ ಮನೆಯ ಹೆಂಗಸರ, ಲೈನಿನಲ್ಲಿರುವ ಹೆಣ್ಣಾಳುಗಳ ರಕ್ತದ ಮಾತಿದು.

ಅದೇ ತಕ್ಕಡಿ

ಇನ್ನು ಅಡಿಕೆಯ ಮಾತು. ಇದನ್ನು ಹಾರಿಸಿಬಿಟ್ಟರೆ ಈ ಲೇಖನ ಬರೆಯುವ ಹಕ್ಕು ನಮಗಿರುವುದಿಲ್ಲ.

ಫ್ರಾನ್ಸಿನ ಲಿಯಾನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1991ರಲ್ಲಿ ಕಾಫಿಯಿಂದ ಮೂತ್ರಕೋಶದ ಕ್ಯಾನ್ಸರ್ ಬರಬಹುದೆಂದು ಶಂಕಿಸಿತ್ತು. ಹೆಚ್ಚು ಕಾಫಿ ಕುಡಿಯುವವರಲ್ಲಿ ಬೀಡಿ ಸಿಗರೇಟು ಸೇದುವವರೂ ಹೆಚ್ಚು. ಸಿಗರೇಟಿನ ಪಾಪ ಕಾಫಿಯ ತಲೆಗೆ ಬಂದಿರಬಹುದೆಂಬುದು ಮುಂದಿನ ಅಧ್ಯಯನಗಳಲ್ಲಿ ಸ್ಪಷ್ಟವಾಗುತ್ತ ಬಂತು. 2016ರಲ್ಲಿ ಸಂಸ್ಥೆ ಆ ಶಂಕೆಯನ್ನು ಹಿಂದೆಗೆದುಕೊಂಡಿತು. ಆಗ ನಾವೆಲ್ಲ ಸಂತೋಷಪಟ್ಟು, ವಿಜ್ಞಾನ ಗೆದ್ದಿತೆಂದೆವು.

ಅಡಿಕೆಯ ವಿಷಯದಲ್ಲೂ ನಾವು ಹೇಳುತ್ತ ಬಂದದ್ದು ಇದನ್ನೇ: ದೋಷ ತಂಬಾಕಿನದು, ಅಡಿಕೆಯದಲ್ಲ. 1985ರಲ್ಲಿ ಆ ಸಂಸ್ಥೆಯೂ ತಂಬಾಕು ಸೇರಿದ ಎಲೆಯಡಿಕೆಯನ್ನಷ್ಟೇ ಕ್ಯಾನ್ಸರ್‌ಕಾರಕವೆಂದಿತ್ತು, ತಂಬಾಕಿಲ್ಲದ್ದಕ್ಕೆ ಪುರಾವೆ ಸಾಲದೆಂದಿತ್ತು. ಆಮೇಲೆ ತಂಬಾಕು ಸೇರಿಸದೆಯೇ ಅಡಿಕೆ ಜಗಿಯುವ ತೈವಾನಿನಂಥ ಕಡೆಗಳ ಅಧ್ಯಯನಗಳು ಬಂದವು. 2004ರಲ್ಲಿ ಪ್ರಕಟವಾದ ಸಂಪುಟದಲ್ಲಿ ಅಡಿಕೆಯನ್ನೇ ಮೊದಲನೆಯ ವರ್ಗಕ್ಕೆ ಸೇರಿಸಿದರು. ಬಾಯಿ ತೆರೆಯಲಾಗದಂತೆ ಬಿಗಿಯುವ ಕಾಯಿಲೆಗೂ ಅಡಿಕೆಗೂ ಇರುವ ಸಂಬಂಧವೂ ಅದರಲ್ಲಿದೆ. ಒಂದು ಮಾತನ್ನು ಮಾತ್ರ ಸರಿಯಾಗಿ ತಿಳಿಯಬೇಕು. ಈ ವರ್ಗಗಳು ಪುರಾವೆ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತವೆಯೇ ಹೊರತು, ಹಬ್ಬಕ್ಕೊಮ್ಮೆ ತಾಂಬೂಲ ಹಾಕಿದವರಿಗೆ ಅಪಾಯ ಎಷ್ಟು ಎಂಬುದನ್ನಲ್ಲ. ಆದರೂ ಕಾಫಿಯನ್ನು ತೂಗಿ ಬಿಡುಗಡೆ ಮಾಡಿದ ತಕ್ಕಡಿಯನ್ನು ನಂಬುವ ನಾವು, ಅಡಿಕೆಯನ್ನು ತೂಗಿದಾಗ ಮಾತ್ರ ಅದರ ಕಲ್ಲು ಖೋಟಾ ಎನ್ನುವುದು ನ್ಯಾಯವಲ್ಲ.

ಅಡಿಕೆ ಕಡಿದು ಹಾಕಿರೆಂದು ನಾವು ಹೇಳುತ್ತಿಲ್ಲ. ಹೇಳಿದರೆ ಮೊದಲು ನಮ್ಮ ಮನೆಯಲ್ಲೇ ಒಲೆ ಆರೀತು. ಆದರೆ 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದಾಗ ಎಲ್ಲರೂ ಕಂಗೆಟ್ಟದ್ದು ನೆನಪಿರಲಿ. ಮುಂದೇನಾಗಬಹುದೆಂದು ಮೊದಲೇ ತಿಳಿದವನು ಅಡಿಕೆಯ ನಡುವೆ ಮೆಣಸು, ಕೋಕೋ, ಜಾಯಿಕಾಯಿ ಏರಿಸಿಕೊಂಡಾನು. 1973ರಲ್ಲಿ ಅಡಿಕೆ ಬೆಳೆಗಾರರ ಸಂಕಷ್ಟದಲ್ಲಿ ಹುಟ್ಟಿದ ಕ್ಯಾಂಪ್ಕೋ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆ ತೆರೆಯಿತು. ಬೆಳೆಗಾರರ ಸಹಕಾರ ಸಂಸ್ಥೆ ತಿನ್ನುವವರ ಕಡೆ ತಿರುಗಿ ನೋಡಿದ್ದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಮುಂದಿನ ಮಾತು

ಈ ಓದು ಮುಗಿಸಿದವರಿಗೆ ಆಸ್ಪತ್ರೆಗಳಲ್ಲಿ, ಆಹಾರ ಕಾರ್ಖಾನೆಗಳಲ್ಲಿ, ಸಂಶೋಧನೆಯಲ್ಲಿ ಕೆಲಸಗಳಿವೆ. ಅದು ಹುಡುಗಿಯ ದಾರಿ, ಅವಳೇ ನೋಡಿಕೊಳ್ಳುತ್ತಾಳೆ. ಸಂಘಕ್ಕೆ ಬೇಕಾದದ್ದು ಬೇರೆ. ನಮ್ಮ ಪುಡಿಯನ್ನು ಕೊಳ್ಳುವವರು ಏಕೆ ಕೊಳ್ಳುತ್ತಾರೆ, ಬಿಟ್ಟವರು ಏಕೆ ಬಿಟ್ಟರು ಎಂದು ಕೇಳಿ ಬರೆದುಕೊಳ್ಳಬಲ್ಲ ಒಬ್ಬರು ನಮ್ಮವರೇ ಬೇಕು. ಮಕ್ಕಳಿಗೆ ಇಂಜಿನಿಯರಿಂಗ್ ಒಂದೇ ಓದು ಎಂದುಕೊಂಡಿರುವ ಸದಸ್ಯರು ಇದನ್ನೂ ಮನಸ್ಸಿನಲ್ಲಿಡಲಿ.

ವಾರ ಕಳೆದು ತಂದೆ ಮಗಳು ಮತ್ತೆ ಬಂದರು. ನಾವು ಮೇಲೆ ಬರೆದದ್ದನ್ನೇ ಹೇಳಿದೆವು. ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಕವಳದ ಸಂಚಿಯನ್ನು ಜೇಬಿನಿಂದ ತೆಗೆದರು, ಕೈಯಲ್ಲೇ ಹಿಡಿದಿದ್ದು ಮತ್ತೆ ಒಳಗಿಟ್ಟರು.

"ಬದಲಾಯಿಸಬೇಡ, ಮಗಾ," ಎಂದರು. "ನಾವು ಬೆಳೆಯೋದರ ವಿಷಯ ಬೇರೆಯವರು ತಪ್ಪಾಗಿ ಹೇಳೋದಕ್ಕಿಂತ ನೀನು ಸರಿಯಾಗಿ ಹೇಳು. ಬೆಳೆಯೋರ ಕಷ್ಟಾನೂ ಒಂದು ಮಾತು ಸೇರಿಸು."

ಮುಂದಿನ ಸಾಮಾನ್ಯ ಸಭೆಗೆ ಹುಡುಗಿಯನ್ನು ಕರೆಯಲು ಆಡಳಿತ ಮಂಡಳಿ ಒಪ್ಪಿದೆ. ಉಪನ್ಯಾಸವಿಲ್ಲ, ಮೈಕೂ ಇಲ್ಲ. ಹತ್ತು ಹತ್ತು ಮಂದಿ ಸುತ್ತ ಕುಳಿತು ಚರ್ಚಿಸುವುದೆಂದು ಗೊತ್ತುಮಾಡಿದ್ದೇವೆ. ಮನೆಯ ಬಾಗಿಲು ಕಾಯುವವರನ್ನು ಬಿಟ್ಟು ಸದಸ್ಯರು ಒಬ್ಬರೇ ಬಂದರೆ ಪ್ರಯೋಜನವಿಲ್ಲ. ದಯವಿಟ್ಟು ಮನೆಯವರನ್ನೂ ಕರೆತನ್ನಿ. ಕಾಫಿ ಕೊಡುತ್ತೇವೆ, ಆದರೆ ಊಟಕ್ಕೆ ಒಂದು ಗಂಟೆ ಮುಂಚೆ.