ಬೆರೆಯದಂತೆ ಬೆಸೆಯುವ ಕಸುಬು

ನೈಟಿನಾಲ್ ತಗಡನ್ನು ಬಗ್ಗಿಸಿ ಬಿಸಿನೀರಿಗೆ ಹಾಕಿದರೆ ಅದು ತಾನಾಗಿ ಮೊದಲಿನ ಆಕಾರಕ್ಕೆ ಬರುತ್ತದೆ. ನಿಕಲ್ ಮತ್ತು ಟೈಟೇನಿಯಂ ಪರಮಾಣುಗಳು ಹೆಚ್ಚುಕಡಿಮೆ ಸರಿಸಮವಾಗಿ ಸೇರಿದ ಈ ಮಿಶ್ರಲೋಹದ ಗುಣ ಅಮೆರಿಕದ ನೌಕಾಪಡೆಯ ಶಸ್ತ್ರಾಸ್ತ್ರ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ತಂಡದ ಕಣ್ಣಿಗೆ ಬಿದ್ದದ್ದು 1960ರ ಆಸುಪಾಸಿನಲ್ಲಿ. ಇಂದು ರಕ್ತನಾಳದ ಸ್ಟೆಂಟ್‌ಗಳಲ್ಲಿ, ಹಲ್ಲು ಸರಿಪಡಿಸುವ ತಂತಿಗಳಲ್ಲಿ ಇದರ ಬಳಕೆಯಿದೆ. ಆದರೆ ಬೆಲೆ ದುಬಾರಿ, ಕೊರೆಯಲು ಕತ್ತರಿಸಲು ಬಲು ಮೊಂಡು. ಆಕಾರ ಬದಲಾಗಬೇಕಾದ ಕಡೆ ಮಾತ್ರ ನೈಟಿನಾಲ್ ಇಟ್ಟು ಉಳಿದದ್ದನ್ನೆಲ್ಲ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮುಗಿಸಬೇಕೆಂಬುದು ಎಂಜಿನಿಯರರ ಆಸೆ. ಎರಡನ್ನೂ ಜೋಡಿಸಬೇಕಲ್ಲ, ತೊಡಕು ಅಲ್ಲೇ.

ಮಾಮೂಲಿ ವೆಲ್ಡಿಂಗ್‌ನಲ್ಲಿ ಎರಡೂ ಅಂಚು ಕರಗಿ ಒಂದಾಗಬೇಕು. ಇಲ್ಲಿ ಒಂದಾಗುವುದೇ ಕೇಡು. ಕರಗಿದ ಲೋಹದಲ್ಲಿ ಟೈಟೇನಿಯಂ, ಸ್ಟೀಲಿನ ಕಬ್ಬಿಣ ಮತ್ತು ಕ್ರೋಮಿಯಂ ಜತೆ ಸೇರಿ ಹೊಸ ಸಂಯುಕ್ತಗಳನ್ನು ಕಟ್ಟುತ್ತದೆ. ಒಂದು ಟೈಟೇನಿಯಂಗೆ ಎರಡು ಕಬ್ಬಿಣ ಸೇರಿದ್ದು ಇವುಗಳಲ್ಲಿ ಕುಖ್ಯಾತ: ಗಟ್ಟಿಯೇನೋ ಹೌದು, ಆದರೆ ಕರಿದ ಹಪ್ಪಳದಷ್ಟು ಪೆಡಸು. ತಣಿಯುವಾಗ ಸ್ಟೀಲ್ ನೈಟಿನಾಲ್‌ಗಿಂತ ಹೆಚ್ಚು ಕುಗ್ಗುತ್ತದೆ. ಆ ಎಳೆತಕ್ಕೆ, ಯಾರೂ ಮುಟ್ಟುವ ಮೊದಲೇ, ಬೆಸುಗೆ ಬಿರುಕು ಬಿಡಬಹುದು.

ತೆಳು ತಗಡಿನದು ಇನ್ನೊಂದು ಪಾಡು. ಶಾಖ ಹೆಚ್ಚಾದರೆ ತೂತು, ಇಲ್ಲವೇ ಸೊಟ್ಟ. ಕಾದ ಟೈಟೇನಿಯಂ ಗಾಳಿಯ ಆಮ್ಲಜನಕ, ಸಾರಜನಕಗಳನ್ನೂ ಹೀರಿಕೊಂಡು ಕೆಡುವುದರಿಂದ ತಗಡಿನ ಎರಡೂ ಬದಿಗೆ ಆರ್ಗಾನ್ ಅನಿಲದ ಹೊದಿಕೆ ಬೇಕು. ಇಷ್ಟು ಮಾಡಿದರೂ ನೈಟಿನಾಲ್‌ಗೆ ಮೊದಲಿನ ಆಕಾರದ ನೆನಪು ಉಳಿದೀತೆಂಬ ಭರವಸೆ ಇಲ್ಲ. ನಿಕಲ್ ಹೆಚ್ಚಿರುವ ನೈಟಿನಾಲ್‌ನಲ್ಲಿ ಅದರ ಪಾಲು ಶೇಕಡಾ 0.1ರಷ್ಟು ಏರುಪೇರಾದರೆ ಸಾಕು, ಆಕಾರ ಮರಳುವ ತಾಪ ಸುಮಾರು 10 ಡಿಗ್ರಿ ಸರಿಯುತ್ತದೆ. ದೇಹದ ಬಿಸಿಗೆ ಅರಳಬೇಕಾದ ಸಾಧನಕ್ಕೆ ಅಷ್ಟು ಸರಿದರೆ ಕೆಲಸ ಕೆಟ್ಟಂತೆ.

ಹಾಗಾಗಿ ಕೆಲವೇ ಮಿಲಿಸೆಕೆಂಡುಗಳ ಲೇಸರ್ ಮಿಡಿತದಿಂದ ಕರಗುವ ಭಾಗವನ್ನು ಆದಷ್ಟು ಚಿಕ್ಕದಾಗಿಡುತ್ತಾರೆ. ನಡುವೆ ನಿಕಲ್ ಹಾಳೆ ಇಟ್ಟರೆ ಕಬ್ಬಿಣ-ಟೈಟೇನಿಯಂ ಸಂಯುಕ್ತ ತಗ್ಗುತ್ತದೆ. ಹಾಳೆ ದಪ್ಪವಾದರೆ ನಿಕಲ್-ಟೈಟೇನಿಯಂನ ಬೇರೊಂದು ಪೆಡಸು ಸಂಯುಕ್ತದ ಕಾಟ ಶುರು!

ನನ್ನ ಒಲವು ಅಲ್ಟ್ರಾಸಾನಿಕ್ ಬೆಸುಗೆಯ ಕಡೆಗೆ. ತಗಡುಗಳನ್ನು ಒತ್ತಿ ಹಿಡಿದು ಸೆಕೆಂಡಿಗೆ ಸುಮಾರು 20,000 ಸಲ ಕಂಪಿಸಿದರೆ ಮೇಲ್ಮೈಯ ಆಕ್ಸೈಡ್ ಪದರ ಕಿತ್ತುಹೋಗಿ, ಲೋಹಗಳು ಕರಗದೆಯೇ ಕಚ್ಚಿಕೊಳ್ಳುತ್ತವೆ. ದಪ್ಪ ಫಲಕಕ್ಕೆ ಈ ವಿಧಾನ ಒಗ್ಗದು. ಲೇಸರಿಗೆ ತಲೆನೋವಾದ ತೆಳುತನ ಇಲ್ಲಿ ಅನುಕೂಲ. ಆದರೂ ಬೆಸುಗೆಯನ್ನು ಪದೇ ಪದೇ ಬಾಗುವ ಜಾಗದಿಂದ ದೂರವಿಟ್ಟೇ ವಿನ್ಯಾಸ ಮಾಡುವುದು ಜಾಣತನ.